ಮನೆಯಲ್ಲಿ ಕಟ್ಟಿದ ಕೊಲೀಕೋವಿಷನ್ ಕಂಟ್ರೋಲರ್‌ಗೆ ಅಂಕಿ ಗುಂಡಿಗಳು ಬೇಕೇ?

ಪರ

1982ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ವಿಡಿಯೋ ಗೇಮ್ ಯಂತ್ರ ಕೊಲೀಕೋವಿಷನ್‌ಗೆ ಆಟವಿರುವ ಕಾರ್ಟ್ರಿಜ್ ಹಾಕಿ ಚಾಲೂ ಮಾಡಿದರೆ, ಹೆಚ್ಚಿನ ಆಟಗಳಲ್ಲಿ ಮೊದಲು ತೆರೆಗೆ ಬರುವುದು ಆಟವಲ್ಲ, 1ರಿಂದ 8ರವರೆಗಿನ ಆಯ್ಕೆಗಳ ಪಟ್ಟಿ. ಅಂಕಿಯೊಂದನ್ನು ಒತ್ತುವವರೆಗೆ ಅದು ಅಲ್ಲಿಂದ ಕದಲುವುದಿಲ್ಲ. ಎಷ್ಟೇ ಚೆಂದದ ಜಾಯ್‌ಸ್ಟಿಕ್ ಕಟ್ಟಿಕೊಂಡರೂ ಅದರಲ್ಲಿ ಅಂಕಿ ಗುಂಡಿಗಳ ಕೀಪ್ಯಾಡ್ ಇಲ್ಲದಿದ್ದರೆ, ‘ಡಾಂಕಿ ಕಾಂಗ್’ ಶುರುಮಾಡಲು ಹಳೆಯ ಕಂಟ್ರೋಲರನ್ನೇ ಹುಡುಕಿ ತಂದು, ಅಂಕಿ ಒತ್ತಿ, ಅದನ್ನು ಕಿತ್ತು ಹೊಸದನ್ನು ಸಿಕ್ಕಿಸಬೇಕು. ನಲವತ್ತು ವರ್ಷ ದಾಟಿದ ಯಂತ್ರ ಚಾಲೂ ಇರುವಾಗ ಅದರ ಪೋರ್ಟಿಗೆ ಪದೇ ಪದೇ ಕೈಹಾಕುವುದನ್ನು ನಾನಂತೂ ಒಪ್ಪಲಾರೆ.

ಅಂಕಿ ಬೇಕಾಗುವುದು ಆರಂಭಕ್ಕಷ್ಟೇ ಎನ್ನುವುದೂ ಪೂರ್ತಿ ನಿಜವಲ್ಲ. ‘ಮೌಸ್ ಟ್ರ್ಯಾಪ್’ನಲ್ಲಿ ಇಲಿ ಓಡುತ್ತಿರುವಾಗಲೇ ಬಣ್ಣದ ಬಾಗಿಲುಗಳನ್ನು ತಿರುಗಿಸುವುದು ಕೀಪ್ಯಾಡಿನಿಂದ, ಯಾವ ಗುಂಡಿ ಯಾವ ಬಾಗಿಲಿನದೆಂದು ತೋರಿಸಲು ಅದರ ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ಆಟದ ಜೊತೆಗೇ ಕೊಡುತ್ತಿದ್ದರು. ಹಾಳೆ ಕೂರುವ ಜಾಗವನ್ನೇ ತೆಗೆದುಬಿಟ್ಟರೆ ಇಂಥ ಆಟಗಳು ಅರ್ಧವಾಗಿ ಉಳಿಯುತ್ತವೆ.

ವಿರೋಧ

ಹೊಸ ಕಂಟ್ರೋಲರ್ ಕಟ್ಟಲು ಹೊರಡುವುದೇ ಕೈಗೆ ಸುಖವಾಗಲೆಂದು. ಗಿಡ್ಡ ಕೋಲಿನ ಕೆಳಗೆ ಹನ್ನೆರಡು ಗುಂಡಿ ಹೊತ್ತ ಮೂಲ ಕಂಟ್ರೋಲರ್‌ನ ಉದ್ದವನ್ನು ಹೊಸ ಪೆಟ್ಟಿಗೆಗೂ ತಂದರೆ ಪಟ್ಟ ಶ್ರಮಕ್ಕೆ ಅರ್ಥವಿಲ್ಲ. ಶ್ರಮವೂ ಸಣ್ಣದಲ್ಲ. ಕೊಲೀಕೋವಿಷನ್‌ನಲ್ಲಿ ಹನ್ನೆರಡೂ ಗುಂಡಿಗಳ ಸುದ್ದಿ ಜಾಯ್‌ಸ್ಟಿಕ್‌ನ ನಾಲ್ಕು ದಿಕ್ಕಿನ ತಂತಿಗಳ ಮೇಲೆಯೇ ಸಂಕೇತವಾಗಿ ಹೋಗುತ್ತದೆ. ಗುಂಡಿಗೊಂದು ಸಂಕೇತ ಮೂಡುವಂತೆ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳನ್ನು ಬೆಸೆಯಬೇಕು, ಒಂದು ತಿರುವುಮುರುವಾದರೂ ಒತ್ತಿದ ಅಂಕಿ ಒಂದು, ಯಂತ್ರ ಓದುವುದು ಇನ್ನೊಂದು.

ಇಷ್ಟೆಲ್ಲ ಮಾಡಿದ ಮೇಲೂ ಹೆಚ್ಚಿನ ಆಟಗಳಲ್ಲಿ ಕೀಪ್ಯಾಡನ್ನು ಮುಟ್ಟುವುದು ಮೊದಲಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಆಟ ಮುಗಿದಾಗ ನಕ್ಷತ್ರದ ಗುಂಡಿ ಒತ್ತಿದರೆ ಅದೇ ಆಟ ಮತ್ತೆ ಬರುತ್ತದೆ, ಹ್ಯಾಶ್ ಒತ್ತಿದರೆ ಪಟ್ಟಿ ಬರುತ್ತದೆ. ಒಬ್ಬರೇ ಆಡುವವರಿಗೆ ಈ ಎರಡು ಮತ್ತು ಪಟ್ಟಿಯಲ್ಲಿ ಒಬ್ಬರ ಆಟಕ್ಕಿರುವ 1ರಿಂದ 4, ಒಟ್ಟು ಆರು ಚಿಕ್ಕ ಗುಂಡಿಗಳು ಪೆಟ್ಟಿಗೆಯ ಹಿಂಬದಿಯಲ್ಲಿದ್ದರೆ ಸಾಕು. ತಯಾರಿಸಿದ ಕಂಪನಿಯೇ ಚೆಂಡು ಉರುಳಿಸಿ ಆಡುವ ತನ್ನ ರೋಲರ್ ಕಂಟ್ರೋಲರ್‌ನಲ್ಲಿ ಕೀಪ್ಯಾಡ್ ಇಡದೆ, ದೊಡ್ಡ ಚೆಂಡಿನ ಎರಡೂ ಬದಿಗೆ ಗುಳಿ ಮಾಡಿ ಹಳೆಯ ಕಂಟ್ರೋಲರ್‌ಗಳನ್ನು ಅಲ್ಲಿ ಕೂರಿಸಿತ್ತು. ‘ಮೌಸ್ ಟ್ರ್ಯಾಪ್’ ಆಡಬೇಕೆನಿಸಿದ ದಿನ ಮೂಲ ಕಂಟ್ರೋಲರನ್ನೇ ಹಿಡಿದು ಕೂರಬಹುದು. ಆ ಪ್ಲಾಸ್ಟಿಕ್ ಹಾಳೆಯೂ ಅದರ ಅಳತೆಗೇ ಕತ್ತರಿಸಿದ್ದು.