ಹಲೋ ಹಲೋ, ಹೆಡ್‌ಫೋನ್ ಟೆಸ್ಟಿಂಗ್

ದಾವಣಗೆರೆಯಲ್ಲಿ ಹೆಡ್‌ಫೋನ್ ಪ್ರಿಯರ ಕೂಟ ಮಾಡಬೇಕು ಅಂದರೆ ಮೊದಲು ಗೊತ್ತು ಮಾಡಬೇಕಾದ್ದು ಮೈಕ್ ಸೆಟ್. ನಗಬೇಡಿ. ಮೈಕ್ ಇಲ್ಲದೆ ನಮ್ಮಲ್ಲಿ ನಾಮಕರಣ ಆಗುವುದಿಲ್ಲ, ನಿವೃತ್ತಿಯ ಬೀಳ್ಕೊಡುಗೆ ಆಗುವುದಿಲ್ಲ. ಹತ್ತು ಜನ ಕೂತ ಕೋಣೆಯಲ್ಲೂ ಸ್ವಾಗತ ಭಾಷಣ ಪಕ್ಕದ ಬೀದಿಗೆ ಕೇಳಿಸದಿದ್ದರೆ ಸ್ವಾಗತ ಮಾಡಿದ ಹಾಗೆ ಆಗುವುದಿಲ್ಲ. ಅಂಥಾದ್ದರಲ್ಲಿ ಇದು ಕಿವಿಗೇ ಸಂಬಂಧಪಟ್ಟ ಕಾರ್ಯಕ್ರಮ. ಸುಮ್ನೆ ಬಿಡೋಕಾಗುತ್ತಾ?

ಈ ಕೂಟ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಕೋಣೆ, ನಾಲ್ಕು ಟೇಬಲ್ಲು. ಒಬ್ಬೊಬ್ಬರ ಮುಂದೆ ಅವರವರ ಹೆಡ್‌ಫೋನು, ಒಂದು ಆಂಪ್ಲಿಫೈಯರು, ಮೊಬೈಲಿನ ಡಿಜಿಟಲ್ ಹಾಡನ್ನು ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ, ಡ್ಯಾಕ್ ಅನ್ನುವ ಒಂದು ಪುಟ್ಟ ಡಬ್ಬಿ. ಬಂದವರು ತಮಗೆ ಬಾಯಿಪಾಠ ಆಗಿರುವ ಹಾಡನ್ನು ಮೊಬೈಲಿನಲ್ಲಿ ತರುತ್ತಾರೆ. ಯಾಕೆಂದರೆ ಗೊತ್ತಿಲ್ಲದ ಹಾಡು ಕೇಳಿ ಹೆಡ್‌ಫೋನು ಹೇಗಿದೆ ಅಂತ ಹೇಳೋಕಾಗುವುದಿಲ್ಲ. ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹಿಂದಿನವರು ವಾಲ್ಯೂಮ್ ಎಲ್ಲಿಟ್ಟಿದ್ದರೋ ಏನೋ ಅಂತ ಪೂರ್ತಿ ಇಳಿಸುತ್ತಾರೆ, ಆಮೇಲೆ ತಲೆಗೆ ಏರಿಸುತ್ತಾರೆ. ಒಂದೆರಡು ಹಾಡು ಕೇಳಿ ಎದ್ದು ಮುಂದಿನವರಿಗೆ ಜಾಗ ಬಿಡುತ್ತಾರೆ. ಅಷ್ಟೇ. ನಿಜಕ್ಕೂ ಉಪಯೋಗದ ಕೆಲಸ. ಮೂವತ್ತು ನಲವತ್ತು ಸಾವಿರದ ಸಾಮಾನನ್ನು ಕಿವಿಯಲ್ಲಿ ಕೇಳದೆ, ಬರೀ ಫೋಟೊ ನೋಡಿ ತರಿಸಿಕೊಂಡು ಆಮೇಲೆ ಕೊರಗುವುದು ತಪ್ಪುತ್ತದೆ.

ಇಷ್ಟನ್ನು ಸಂಘಟನಾ ಸಮಿತಿಯ ಮೊದಲ ಸಭೆಯಲ್ಲಿ ಒಬ್ಬ ಹುಡುಗ ವಿವರಿಸಿದ. ಪಾಪ, ಎಂಜಿನಿಯರಿಂಗ್ ಓದುವ ಹುಡುಗ. ಕೂಟದ ಆಲೋಚನೆಯೇ ಅವನದು. ಹಿರಿಯರೊಬ್ಬರು ಕೇಳಿ ಮುಗಿಸಿ, "ಅದು ಕಾರ್ಯಕ್ರಮ ಹೆಂಗ್ ಆಗುತ್ತೋ ತಮ್ಮಾ? ಕಟಿಂಗ್ ಶಾಪಿನಾಗೆ ಪಾಳಿ ಕಾದಂಗೆ ಐತೆ" ಅಂದರು. ಅಲ್ಲಿಗೆ ಕೂಟ ಹೋಗಿ ಸಮಾವೇಶ ಆಯಿತು. ಹುಡುಗನನ್ನು ಕುರ್ಚಿ ಜೋಡಿಸುವ ಉಪಸಮಿತಿಗೆ ಹಾಕಿದರು.

ಆಹ್ವಾನ ಪತ್ರಿಕೆ ಪ್ರೆಸ್ಸಿಗೆ ಹೋಗಿ ತಿದ್ದುಪಡಿಗೆ ವಾಪಸ್ ಬರುತ್ತಲೇ ಇತ್ತು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ಘನಕ್ಕೂ ಗೌರವಕ್ಕೂ ಏನು ವ್ಯತ್ಯಾಸ ಅಂತ ಕೇಳಬೇಡಿ. ಅದು ಗೊತ್ತಿದ್ದವರು ಇಷ್ಟು ಹೊತ್ತಿಗೆ ಎಲ್ಲಿಗೋ ಹೋಗಿ ಮುಟ್ಟಿರುತ್ತಿದ್ದರು. ಹೆಸರುಗಳನ್ನೆಲ್ಲ ಕೂಡಿಸಿದರೆ ಊರಿನಲ್ಲಿರುವ ಒಳ್ಳೆಯ ಹೆಡ್‌ಫೋನುಗಳ ಸಂಖ್ಯೆಗಿಂತ ಜಾಸ್ತಿ ಇದ್ದವು. ಫ್ಲೆಕ್ಸಿನಲ್ಲಿ ಇಷ್ಟು ಮುಖ ಕೂರಿಸಿದ ಮೇಲೆ ಹೆಡ್‌ಫೋನ್ ಚಿತ್ರಕ್ಕೆ ಜಾಗ ಉಳಿಯಲಿಲ್ಲ. ಡಿಟಿಪಿ ಹುಡುಗ ಬುದ್ಧಿವಂತ. ಮುಖ್ಯ ಅತಿಥಿಗಳ ಮೈಸೂರು ಪೇಟದ ಮೇಲೆಯೇ ಒಂದು ಹೆಡ್‌ಫೋನ್ ಕೂರಿಸಿಬಿಟ್ಟ. ಎರಡು ದಿನ ಅದು ಪಿ.ಬಿ. ರಸ್ತೆಯಲ್ಲಿ ರಾರಾಜಿಸಿತು.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹಾಗೆ ಹೇಳುತ್ತದೆ. ಅರ್ಜಿಯಲ್ಲಿ ಕಾರ್ಯಕ್ರಮ ಯಾವುದು ಅಂತ ಬರೆಯಬೇಕಲ್ಲ, 'ಅಕ್ಕಪಕ್ಕದವರಿಗೆ ತೊಂದರೆ ಆಗದಂತೆ ಹಾಡು ಕೇಳುವವರ ಸಮಾವೇಶ' ಅಂತ ಬರೆದರು. ಕೆಳಗೆ, ಸ್ಪೀಕರ್ ಬಾಕ್ಸ್ ನಾಲ್ಕು, ಹಾರ್ನ್ ಎರಡು. ಅರ್ಜಿ ತಗೊಂಡವರು ಎರಡು ಸಲ ಓದಿದರು. "ಕಿವಿಗೆ ಹಾಕ್ಕೊಂಡು ಕೇಳೋದಕ್ಕೆ ಬಾಕ್ಸ್ ಯಾಕ್ರೀ?" ಇಡೀ ಕಾರ್ಯಕ್ರಮದಲ್ಲಿ ಯಾರಾದರೂ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು. ಕಾರ್ಯದರ್ಶಿಗಳು ತಡಮಾಡಲಿಲ್ಲ. "ಸಾರ್, ಹಾಡು ಒಬ್ಬೊಬ್ಬರಿಗೆ. ಭಾಷಣ ಎಲ್ಲರಿಗೂ."

ಸಮಾವೇಶ ಪಿ.ಜೆ. ಬಡಾವಣೆಯ ಒಂದು ಮಹಡಿಯ ಹಾಲಿನಲ್ಲಿ. ಬೆಳಗ್ಗೆ ಹತ್ತೂವರೆಗೆ ಸರಿಯಾಗಿ ಅಂತ ಪತ್ರಿಕೆಯಲ್ಲಿತ್ತು. ಹೆಡ್‌ಫೋನಿನವರು ಹತ್ತೂಕಾಲಿಗೇ ಬಂದು, ಸಾಮಾನು ಬಿಚ್ಚಿ, ವೈರು ಜೋಡಿಸಿ ಕೂತರು. ಮುಖ್ಯ ಅತಿಥಿಗಳು ಹರಿಹರದಲ್ಲಿ ಒಂದು ಗೃಹಪ್ರವೇಶ, ದಾರಿಯಲ್ಲಿ ಒಂದು ಮದುವೆ ಮುಗಿಸಿ ಬರಬೇಕಿತ್ತು. ಅವರು ಬರುವ ತನಕ ಮುಟ್ಟುವ ಹಾಗಿಲ್ಲ. ಉದ್ಘಾಟನೆ ಆಗದ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡರೆ ಶಿಷ್ಟಾಚಾರ ಏನಾಗಬೇಕು? ಟೇಬಲ್ ಮೇಲೆ ಒಂದು ಬಿಳಿ ರಿಬ್ಬನ್ ಬೇರೆ ಕಟ್ಟಿದ್ದರು.

ಕಾಯುವ ಹೊತ್ತನ್ನು ಸೌಂಡಿನ ಹುಡುಗ ತುಂಬಿದ. ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ. ಅವನು ತ್ರೀ ದಾಟಿದ್ದನ್ನು ನಾನು ಕಾಣೆ.

ಅತಿಥಿಗಳು ಇನ್ನೂ ಹೊನ್ನಾಳಿಯವರ ಮದುವೆ ಊಟದ ಪಂಕ್ತಿಯಲ್ಲಿದ್ದಾರೆ ಅಂತ ಫೋನು ಬಂದ ಮೇಲೆ, ಪ್ರಾಸ್ತಾವಿಕ ನುಡಿ ಮುಗಿಸಿಬಿಡೋಣ ಅಂತಾಯಿತು. ಮಾತಾಡಿದವರು ಓದಿಕೊಂಡು ಬಂದಿದ್ದರು. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅನ್ನುವವನು ಮನೆಯ ಅಡುಗೆಮನೆಯಲ್ಲೇ ಹೆಡ್‌ಫೋನ್ ತಯಾರಿಸಿದ್ದು, 1910ರಲ್ಲಿ ಅಲ್ಲಿನ ನೌಕಾಪಡೆ ಅವನ್ನು ಕೊಂಡಿದ್ದು. 1958ರಲ್ಲಿ ಜಾನ್ ಕಾಸ್ ಸ್ಟೀರಿಯೊ ಹೆಡ್‌ಫೋನ್ ತಂದಿದ್ದು. 1979ರ ವಾಕ್‌ಮನ್. ಬಾಲ್ಡ್‌ವಿನ್ ಕಥೆಯಲ್ಲಿ ಒಂದು ಸ್ವಾರಸ್ಯ ಇದೆ. ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಉಪನ್ಯಾಸ ಸರಿಯಾಗಿ ಕೇಳಿಸದೆ ಬೇಸತ್ತೇ ಅವನು ಈ ಕೆಲಸಕ್ಕೆ ಕೈ ಹಾಕಿದ ಅಂತ ಹೇಳುತ್ತಾರೆ. ಅಂದರೆ ಭಾಷಣ ಕೇಳಿಸಲಿ ಅಂತ ಹುಟ್ಟಿದ ವಸ್ತು. ಅವನು ದಾವಣಗೆರೆಯಲ್ಲಿ ಹುಟ್ಟಿದ್ದರೆ ಈ ಕಷ್ಟವೇ ಬರುತ್ತಿರಲಿಲ್ಲ. ಭಾಷಣ ಕೇಳಿಸದ ಜಾಗ ಹುಡುಕಿಕೊಂಡು ಹೋಗುತ್ತಿದ್ದ.

ಹಿಂದಿನ ಸಾಲಿನಲ್ಲಿ ಒಬ್ಬ ಡಾಕ್ಟರು ಮೊಬೈಲಿನಲ್ಲಿ ಸದ್ದಿನ ಮೀಟರು ಹಾಕಿ ಇಟ್ಟಿದ್ದರು. 94 ಡೆಸಿಬಲ್ ತೋರಿಸುತ್ತಿತ್ತು. ವಸತಿ ಪ್ರದೇಶಕ್ಕೆ ನಿಯಮದಲ್ಲಿ ಇರುವುದು ಹಗಲು 55, ರಾತ್ರಿ 45. ಸದ್ದಿನ ನಡುವೆ ಕೆಲಸ ಮಾಡುವವರಿಗೆ ಅಮೆರಿಕದವರು ಹಾಕಿಕೊಂಡ ಒಂದು ಲೆಕ್ಕವಿದೆ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ತಾಸು ಇರಬಹುದು. ಆಮೇಲೆ ಮೂರು ಡೆಸಿಬಲ್ ಏರಿದ ಹಾಗೆಲ್ಲ ಹೊತ್ತು ಅರ್ಧರ್ಧ ಆಗುತ್ತದೆ. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದೇ ತಾಸು. ಈ ಲೆಕ್ಕದಲ್ಲಿ ನಮ್ಮ ಕಿವಿಗಳ ಆ ದಿನದ ಕೋಟಾ ದೀಪ ಬೆಳಗುವ ಮೊದಲೇ ಮುಗಿದಿತ್ತು. ಇನ್ನು ಹೆಡ್‌ಫೋನಿನಲ್ಲಿ ಸೂಕ್ಷ್ಮ ಕೇಳಬೇಕಂತೆ.

ಒಬ್ಬರು ತಡೆಯಲಾರದೆ ಕದ್ದು ತಮ್ಮ ಹೆಡ್‌ಫೋನ್ ಹಾಕಿಕೊಂಡೇಬಿಟ್ಟರು. ಅದೋ ಓಪನ್ ಬ್ಯಾಕ್. ಬಟ್ಟಲಿನ ಹಿಂದೆ ಬರೀ ಜಾಲರಿ. ಒಳಗಿನ ಸದ್ದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುತ್ತದೆ. ಹಾಡು ಎದುರಿಗೇ ಹರಡಿಕೊಂಡ ಹಾಗೆ ಕೇಳಲಿ ಅಂತ ಈ ಏರ್ಪಾಡು. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಬಂದಾಗಿನಿಂದ ಜನ ಇದಕ್ಕೆ ಮರುಳು. ಇವರಿಗೆ ಏನು ಕೇಳಿಸಿತು ಅಂತ ಕೇಳಿದೆ. "ಸ್ವಾಗತ ಭಾಷಣ. ಆದರೆ ತುಂಬಾ ವಿಶಾಲವಾಗಿ" ಅಂದರು.

ಅತಿಥಿಗಳು ಬಂದರು. ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ. ರಿಬ್ಬನ್ ಕತ್ತರಿಸಿದರು. ಕಾರ್ಯದರ್ಶಿಗಳು ಕೂಟದಲ್ಲೇ ಅತಿ ದುಬಾರಿ ಹೆಡ್‌ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪೇಟದ ಮೇಲೆಯೇ ಇಳಿಸಿದರು. ಬಟ್ಟಲುಗಳು ಕಿವಿಯ ತನಕ ಬರಲೇ ಇಲ್ಲ, ಜರಿಯ ಅಂಚಿನ ಹತ್ತಿರವೇ ನಿಂತವು. ಜ್ಯಾಕ್ ಯಾವುದಕ್ಕೂ ಚುಚ್ಚಿರಲಿಲ್ಲ. ವೈರು ಶಾಲಿನ ಮೇಲೆ ಇಳಿಬಿದ್ದಿತ್ತು. ಆದರೂ ಅತಿಥಿಗಳು ಕಣ್ಣು ಮುಚ್ಚಿ ತಲೆದೂಗಿದರು. "ಕ್ಲಾರಿಟಿ ಚೆನ್ನಾಗೈತೆ" ಅಂದರು. ಚಪ್ಪಾಳೆ. ಕ್ಯಾಮೆರಾದವನು ಇನ್ನೊಂದ್ಸಲ ಸಾರ್ ಅಂದ. ಇನ್ನೊಂದು ಸಲ ತಲೆದೂಗಿದರು.

ಆಮೇಲೆ ಭಾಷಣ. ಇಂದಿನ ಯುವಕರು ಕಿವಿಗೆ ವೈರು ಸಿಕ್ಕಿಸಿಕೊಂಡು ಹಾಳಾಗುತ್ತಿದ್ದಾರೆ ಅನ್ನುವುದು ಸಾರಾಂಶ. ಕರೆದವರು ಕಿವಿಗೆ ವೈರು ಸಿಕ್ಕಿಸಿಕೊಳ್ಳುವವರು ಅಂತ ಯಾರೂ ಅವರಿಗೆ ಹೇಳಿರಲಿಲ್ಲವೋ, ಹೇಳಿದ್ದು ಸದ್ದಿನಲ್ಲಿ ಕೇಳಿಸಿರಲಿಲ್ಲವೋ. ಹೆಡ್‌ಫೋನಿನವರೇ ಮೊದಲು ಚಪ್ಪಾಳೆ ತಟ್ಟಿದರು, ಮುಗಿಯಿತೆಂದು ತಿಳಿದು. ಮುಗಿದಿರಲಿಲ್ಲ.

ಕಡೆಗೂ 'ಈಗ ಶ್ರವಣ ಕಾರ್ಯಕ್ರಮ' ಅಂತ ಘೋಷಣೆಯಾಯಿತು. ಅದರ ಹಿಂದೆಯೇ ಊಟ ತಯಾರಿದೆ ಅಂತಲೂ ಘೋಷಣೆಯಾಯಿತು. ಎರಡರಲ್ಲಿ ಯಾವುದಕ್ಕೆ ಜನ ಎದ್ದರು ಅಂತ ಬೇರೆ ಹೇಳಬೇಕಾಗಿಲ್ಲ. ಉಳಿದ ಕೆಲವರು ಕೈಯಲ್ಲಿ ಮಂಡಕ್ಕಿ ಮಿರ್ಚಿ ಪೊಟ್ಟಣ ಹಿಡಿದೇ ಟೇಬಲ್ ಹತ್ತಿರ ಬಂದರು. ಮಿರ್ಚಿಯ ಎಣ್ಣೆ ಬೆರಳು, ತಲೆಗೆ ಕೊಬ್ಬರಿ ಎಣ್ಣೆ. ಮಖಮಲ್ಲಿನ ಇಯರ್ ಪ್ಯಾಡ್ ಇದ್ದವರೊಬ್ಬರು ಒಬ್ಬೊಬ್ಬರ ತಲೆಯ ಮೇಲೂ ಕರವಸ್ತ್ರ ಹಾಸಿ ಆಮೇಲೆ ಹೆಡ್‌ಫೋನ್ ಇಡುತ್ತಿದ್ದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. ಕಿವಿಯೊಳಗೆ ತೂರಿಸುವ ಇಯರ್‌ಫೋನಿನ ಟೇಬಲ್ಲಿನಲ್ಲಿ ಬೇರೆಯದೇ ಗದ್ದಲ. ಒಬ್ಬರ ಕಿವಿಯಿಂದ ತೆಗೆದದ್ದು ಇನ್ನೊಬ್ಬರ ಕಿವಿಗೆ ಹೋಗಬಹುದೋ? "ಎಂಜಲು ಬಾಯಿಗೆ ಮಾತ್ರಾನೋ, ಕಿವಿಗೂ ಉಂಟೋ?" ಅಂತ ಒಬ್ಬ ಅಜ್ಜ ಕೇಳಿದರು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಹೊಸ ರಬ್ಬರ್ ಟಿಪ್ ಹಾಕಿ ಕೊಟ್ಟರೂ ಅಜ್ಜ ಒಪ್ಪಲಿಲ್ಲ. ಡಾಕ್ಟರು ಮಾತ್ರ ಅಜ್ಜನ ಕಡೆಗೇ ವಾಲಿದರು.

ಹವ್ಯಾಸಿಗಳೇನು ಕಡಿಮೆ ಇಲ್ಲ. ಒಬ್ಬರು ಬೆಳ್ಳಿ ತಂತಿಯ ಕೇಬಲ್ ತಂದಿದ್ದರು, ಹೆಡ್‌ಫೋನಿಗಿಂತ ಕೇಬಲ್ ದುಬಾರಿ. ಇನ್ನೊಬ್ಬರು ಹೊಸ ಹೆಡ್‌ಫೋನ್ 'ಪಳಗಲಿ' ಅಂತ ರಾತ್ರಿಯೆಲ್ಲ ಬೀರುವಿನೊಳಗೆ ಹಾಡಲು ಬಿಡುತ್ತಾರಂತೆ. ನಿಜವಾಗಿ ಪಳಗುವುದು ಅವರ ಕಿವಿಯೇ ಇರಬಹುದು, ಆದರೆ ಅದನ್ನು ಅವರ ಎದುರು ಹೇಳಬಾರದು. 192 ಕಿಲೋಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 1,92,000 ಸಲ ಸದ್ದಿನ ಅಳತೆ ತೆಗೆದ ಫೈಲೇ ಬೇಕು ಅನ್ನುವವರಿದ್ದರು. ಅದರಲ್ಲಿ ಅದರ ಅರ್ಧ, 96 ಕಿಲೋಹರ್ಟ್ಜ್ ತನಕದ ಸದ್ದು ಹಿಡಿಸುತ್ತದೆ. ಮನುಷ್ಯನ ಕಿವಿ 20ಕ್ಕೆ ನಿಲ್ಲುತ್ತದೆ, ಐವತ್ತು ದಾಟಿದ ಹೆಚ್ಚಿನವರಿಗೆ 15 ಕೂಡ ಕಷ್ಟ. ಮಿಕ್ಕಿದ್ದನ್ನು ಬಾವಲಿಗಳು ಕೇಳಿ ಅಭಿಪ್ರಾಯ ತಿಳಿಸಬೇಕು.

ಆ ಎಂಜಿನಿಯರಿಂಗ್ ಹುಡುಗ ಒಂದು ಪರೀಕ್ಷೆ ಇಟ್ಟ. ಎರಡು ಆಂಪ್ಲಿಫೈಯರು, ಎರಡರ ಮೇಲೂ ಟವೆಲ್ ಮುಚ್ಚಿದ. ಒಂದೇ ಹಾಡು, ಒಂದೇ ಹೆಡ್‌ಫೋನು. ಯಾವುದು ಚೆನ್ನಾಗಿದೆ ಹೇಳಿ. ಕೇಳಿದವರೆಲ್ಲ ಎರಡನೆಯದು ಅಂದರು. ಬೇಸ್ ಗಟ್ಟಿ, ದನಿ ಸ್ಪಷ್ಟ, ಜೀವ ಇದೆ ಅಂತ ಬಣ್ಣಿಸಿದರು. ಟವೆಲ್ ತೆಗೆದರೆ ಎರಡೂ ಒಂದೇ ಕಂಪನಿಯ ಒಂದೇ ಮಾಡೆಲ್ಲು. ಎರಡನೆಯದರ ವಾಲ್ಯೂಮು ಒಂಚೂರು ಜಾಸ್ತಿ ಇಟ್ಟಿದ್ದ. ತುಸು ಜೋರಾಗಿದ್ದನ್ನೇ ಕಿವಿ ಚೆನ್ನಾಗಿದ್ದು ಅಂತ ನಂಬುತ್ತದೆ. ಅದಕ್ಕೇ ಹೋಲಿಸುವ ಮುಂಚೆ ಎರಡರ ಸದ್ದು ಸಮ ಮಾಡಬೇಕು ಅನ್ನುವುದು ಈ ಹವ್ಯಾಸದ ಮೊದಲ ಪಾಠ. ನಮ್ಮ ಅತಿಥಿಗಳಿಗೆ, ಮೆರವಣಿಗೆಯ ಡಿಜೆಗಳಿಗೆ, ತರಕಾರಿ ಗಾಡಿಯ ರೆಕಾರ್ಡಿಂಗಿಗೆ ಇದು ಪರೀಕ್ಷೆ ಇಲ್ಲದೆಯೇ ಗೊತ್ತು.

ಅಷ್ಟರಲ್ಲಿ ಸೌಂಡಿನ ಹುಡುಗ ಬಂದ. ಬೆಳಗ್ಗೆಯಿಂದ ಯಾರೂ ಅವನನ್ನು ಮಾತಾಡಿಸಿರಲಿಲ್ಲ. "ಅಣ್ಣಾರೆ, ಒಂದ್ಸಲ ಕೊಡ್ತೀರಾ?" ಅಂದ. ಭಾರಿ ಬೆಲೆಯ, 300 ಓಮಿನ, ಅಂದರೆ ಒಳ್ಳೆಯ ಆಂಪ್ಲಿಫೈಯರೇ ಬೇಕೆನ್ನುವ ಹೆಡ್‌ಫೋನೊಂದು ಅಲ್ಲಿತ್ತು. ಯಜಮಾನರು ತಿಂಗಳಿಂದ ಅದರ ಗುಣಗಾನ ಮಾಡುತ್ತಿದ್ದರು. ಗಾಯಕಿ ಸ್ವಲ್ಪ ಬಲಕ್ಕೆ ನಿಂತು ಹಾಡುತ್ತಾಳೆ, ಆ ಬಲಗಡೆಯ ಸೊಬಗು ಬೇರೆ ಯಾವುದರಲ್ಲೂ ಇಲ್ಲ ಅಂತ. ಹುಡುಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಾಕಿಕೊಂಡ. ಹತ್ತು ಸೆಕೆಂಡು ಕೇಳಿರಬೇಕು. ತೆಗೆದ. ಎಡಗಡೆ ಬಟ್ಟಲಿನ ಕೆಳಗೆ ವೈರು ಸೇರುವ ಎರಡು ಪಿನ್ನಿನ ಪ್ಲಗ್ಗನ್ನು ಉಗುರಿನಿಂದ ಒಮ್ಮೆ ಅಲುಗಿಸಿದ, ಹೆಬ್ಬೆರಳಿನಿಂದ ಒತ್ತಿದ. ಟಕ್ ಅಂತು. "ಲೆಫ್ಟ್ ಲೂಸ್ ಇತ್ತು ಅಣ್ಣಾ. ಈಗ ನೋಡ್ರಿ."

ಯಜಮಾನರು ಹಾಕಿಕೊಂಡರು. ಗಾಯಕಿ ನಡುಮಧ್ಯಕ್ಕೆ ಬಂದು ನಿಂತಿದ್ದಳು. ಅವರಿಗೆ ಬೇಸರವಾದ ಹಾಗೆ ಕಂಡಿತು.

ಹುಡುಗನನ್ನು ಇನ್ನೊಂದು ಮಾತು ಕೇಳೋಣ ಅಂದರೆ ವೇದಿಕೆಯಿಂದ ಕರೆ ಬಂತು. ವಂದನಾರ್ಪಣೆ ಶುರುವಾಗಿತ್ತು, ಹೊರಗೆ ಊಟ ಮಾಡುತ್ತಿದ್ದವರಿಗೆ ಕೇಳಿಸುತ್ತಿಲ್ಲವಂತೆ. ಅವನು ಓಡಿಹೋಗಿ ಗುಂಡಿ ತಿರುಗಿಸಿದ. ಡಾಕ್ಟರು ಮೊಬೈಲ್ ಜೇಬಿಗೆ ಹಾಕಿಕೊಂಡರು.

ಮರುವಾರ ಸಮಿತಿ ಮತ್ತೆ ಸೇರಿ ಲೆಕ್ಕ ಮಂಡಿಸಿತು. ಶಾಮಿಯಾನ, ಮೈಕ್ ಸೆಟ್, ಫ್ಲೆಕ್ಸ್, ಶಾಲು, ಸ್ಮರಣಿಕೆ, ಊಟ. ಹೆಡ್‌ಫೋನ್ ಬಾಬ್ತು ಸೊನ್ನೆ. ಎಂಜಿನಿಯರಿಂಗ್ ಹುಡುಗ ಮಾತ್ರ, ಮುಂದಿನ ಸಲ ತಮ್ಮ ಮನೆಯ ಹಾಲಿನಲ್ಲಿ ಹತ್ತೇ ಜನ ಸೇರೋಣ, ಮೈಕ್ ಬೇಡ ಅಂತ ಕೇಳಿಕೊಂಡ. ಚರ್ಚೆಯಾಗಿ, ಮುಂದಿನ ವರ್ಷ ಹೈಸ್ಕೂಲ್ ಮೈದಾನದಲ್ಲಿ ಜಿಲ್ಲಾ ಮಟ್ಟದಲ್ಲಿ ಮಾಡುವುದೆಂದು ತೀರ್ಮಾನವಾಯಿತು. ಸಂಘ ನೋಂದಣಿ ಮಾಡಿಸಲು ಬೈಲಾ ಕೂಡ ತಯಾರಾಗಿದೆ. ಪದಾಧಿಕಾರಿಗಳಾಗುವವರು ವೇದಿಕೆಯ ಮೇಲೆ ಮಾತನಾಡಬಲ್ಲವರಾಗಿರಬೇಕು. ಹೆಡ್‌ಫೋನ್ ಹೊಂದಿರುವುದು ಕಡ್ಡಾಯವಲ್ಲ.