ಜರ್ಮನ್ ಮಹಾದೇವನೂ ಲೋ ವೋಲ್ಟೇಜೂ

ಗಿಟಾರ್ ನುಡಿಸುವವರ ಲೋಕದಲ್ಲಿ ಮಹಾದೇವ ಜರ್ಮನಿಯವನು. ಸುಮ್ನೆ ಹೇಳುತ್ತಿಲ್ಲ. ಲೈನ್ 6 ಕಂಪನಿಯ ಹೀಲಿಕ್ಸ್ ಎಂಬ ಡಿಜಿಟಲ್ ಆಂಪ್ ಮಾಡೆಲರ್ ಇದೆ, ಅಂದರೆ ಅಸಲಿ ಆಂಪ್ಲಿಫೈಯರ್‌ಗಳ ದನಿಯನ್ನು ನಕಲು ಮಾಡುವ ಡಬ್ಬಿ. ಅದರ ಪಟ್ಟಿಯಲ್ಲಿ ಬೆರಳಾಡಿಸುತ್ತಾ ಹೋದರೆ ‘ಜರ್ಮನ್ ಮಹಾದೇವ’ ಎಂಬ ಆಂಪ್ ಸಿಗುತ್ತದೆ. ಅಸಲಿ ಆಂಪಿನ ಹೆಸರು ಬೋಗ್ನರ್ ಶಿವ. ಬೇರೆಯವರ ಟ್ರೇಡ್‌ಮಾರ್ಕ್ ಮುಟ್ಟುವ ಹಾಗಿಲ್ಲವಲ್ಲ, ಹಾಗಾಗಿ ಶಿವ ಹೋಗಿ ಮಹಾದೇವ ಆದ. ವಾಕ್ಸ್ ಎಸಿ30 ಅದೇ ಪಟ್ಟಿಯಲ್ಲಿ ‘ಎಸೆಕ್ಸ್ ಎ30’, ಹೈವಾಟ್ ‘ಹೂವಾಟ್’, ಮಾರ್ಷಲ್ ಬರೀ ‘ಬ್ರಿಟ್’. ವಕೀಲರ ಭಯದಿಂದ ಹುಟ್ಟಿದ ಈ ಹೆಸರುಗಳನ್ನು ಓದುತ್ತಾ ಕೂತರೆ ಗಿಟಾರ್ ಎತ್ತಿಕೊಳ್ಳುವುದೇ ಮರೆತುಹೋಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಎಲೆಕ್ಟ್ರಿಕ್ ಗಿಟಾರಿನ ದನಿಯಲ್ಲಿ ದೊಡ್ಡ ಪಾಲು ಆಂಪಿನದ್ದು. ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳ ಆಂಪನ್ನು ಅದರ ತಾಕತ್ತಿಗಿಂತ ಜಾಸ್ತಿ ದುಡಿಸಿದಾಗ ಅಲೆಗಳ ತುದಿ ಚಪ್ಪಟೆಯಾಗುತ್ತದೆ. ತಂತಿಯಲ್ಲಿ ಅಷ್ಟಾಗಿ ಇಲ್ಲದ ಮೇಲಿನ ಸ್ವರಗಳು ಅಲ್ಲಿ ಹುಟ್ಟಿಕೊಳ್ಳುತ್ತವೆ. ರಾಕ್ ಗಿಟಾರಿನ ಆ ಒರಟು ಸೊಗಸು ಬರುವುದು ಹೀಗೆ. ಆದರೆ 100 ವಾಟಿನ ಆಂಪನ್ನು ಹಾಗೆ ದುಡಿಸಿದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿ ಬಾಗಿಲು ಬಡಿಯುತ್ತಾರೆ. ಮಾಡೆಲರ್ ಇದನ್ನೆಲ್ಲ ಲೆಕ್ಕದಲ್ಲೇ ಮಾಡಿ ಮುಗಿಸಿ ಹೆಡ್‌ಫೋನಿಗೆ ಕಳಿಸುತ್ತದೆ. 1998ರಲ್ಲಿ ರಾಜ್ಮಾ ಕಾಳಿನ ಆಕಾರದ ಕೆಂಪು ಡಬ್ಬಿ ಬಂತು, ಪಾಡ್ ಅಂತ. ಆಮೇಲೆ 2006ರಲ್ಲಿ ಆಕ್ಸ್-ಎಫ್‌ಎಕ್ಸ್. 2011ರಲ್ಲಿ ಜರ್ಮನಿಯಿಂದ ಕೆಂಪರ್. ಇದು ಅಸಲಿ ಆಂಪಿನೊಳಗೆ ಚಿತ್ರವಿಚಿತ್ರ ಸದ್ದುಗಳನ್ನು ಕಳಿಸಿ, ಹೊರಗೆ ಬಂದದ್ದನ್ನು ಕೇಳಿಸಿಕೊಂಡು, ಅದರ ಗುಣವನ್ನೆಲ್ಲ ಕಲಿತುಬಿಡುತ್ತದೆ. ಈಗ ನ್ಯೂರಲ್ ನೆಟ್‌ವರ್ಕ್ ಬಳಸಿ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುವ ಸಾಫ್ಟ್‌ವೇರ್ ಕೂಡ ಇದೆ.

ನನ್ನ ಅಕ್ಕನ ಮಗ ಇದರಲ್ಲಿ ಪಳಗಿದವನು. ನಾನು ನಾಬ್ ತಿರುಗಿಸುವುದನ್ನು ನೋಡಿದರೆ ಅವನಿಗೆ ಸಂಕಟ. “ಮಾಮ, ಇದನ್ನೆಲ್ಲ ಯಾಕೆ ಒಂದೊಂದಾಗಿ ಮಾಡ್ತೀರಾ? ಯಾರೋ ಮಾಡಿಟ್ಟಿರ್ತಾರೆ, ಇಳಿಸ್ಕೊಳ್ಳಿ ಅಷ್ಟೇ” ಅನ್ನುತ್ತಾನೆ. ನಿಜ. ಅಮೆರಿಕದ ಗಿಟಾರಿಗ ಎಡ್ಡಿ ವ್ಯಾನ್ ಹೇಲನ್ ಹೆಸರಲ್ಲೇ ರಾಶಿ ರಾಶಿ ಪ್ರೀಸೆಟ್‌ಗಳು, ಅಂದರೆ ಮೊದಲೇ ಕೂಡಿಸಿಟ್ಟ ದನಿಗಳು, ಸಿಗುತ್ತವೆ. ಆದರೆ ಊಟ ಪಾರ್ಸೆಲ್ ತರಿಸುವುದಾದರೆ ಅಡುಗೆಮನೆ ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ, ಅಲ್ವಾ? ನನಗೆ ನಾಬ್ ತಿರುಗಿಸುವುದೇ ಖುಷಿ. (ಅಂದಹಾಗೆ, ಈ ಗಿಟಾರಿಗರನ್ನೆಲ್ಲ ನಾನು ಏಕವಚನದಲ್ಲೇ ಕರೆಯುತ್ತೇನೆ. ಕಾಲೇಜಿನ ದಿನದಿಂದ ಜೊತೆಗಿರುವವರು. ಬಹುವಚನ ಹಾಕಿದರೆ ದೂರ ಹೋದಂತಾಗುತ್ತದೆ.)

ಎಡ್ಡಿಯ ವಿಷಯಕ್ಕೇ ಬರೋಣ. 1978ರಲ್ಲಿ ಮೊದಲ ಆಲ್ಬಮ್ ಬಂದಾಗ ಜನ ಆ ದನಿಗೆ ಬೆರಗಾದರು. ಬೆಚ್ಚಗಿನ, ದಪ್ಪ, ಆದರೂ ಚುರುಕಾದ ದನಿ. ‘ಬ್ರೌನ್ ಸೌಂಡ್’ ಅಂತ ಹೆಸರೂ ಬಿತ್ತು. ಅವನ ಹತ್ತಿರ ಇದ್ದದ್ದು 100 ವಾಟಿನ ಮಾರ್ಷಲ್. ಅದರ ನಾಬುಗಳನ್ನೆಲ್ಲ ಕೊನೆಯವರೆಗೂ ತಿರುಗಿಸಿದರೆ ಮಾತ್ರ ಅವನಿಗೆ ಬೇಕಾದ ದನಿ. ಸಣ್ಣ ಕ್ಲಬ್ಬುಗಳಲ್ಲಿ ಅಷ್ಟು ಜೋರು ನಡೆಯುತ್ತಿರಲಿಲ್ಲ. ಅದಕ್ಕೆ ವೇರಿಯಾಕ್ ಎಂಬ ಸಾಧನ ತಂದು, ಗೋಡೆಯಿಂದ ಬರುವ ವಿದ್ಯುತ್ತನ್ನೇ 90 ವೋಲ್ಟಿನ ಆಸುಪಾಸಿಗೆ ಇಳಿಸಿದ. ಅಮೆರಿಕದಲ್ಲಿ ಬರುವುದು 120. ಅಂದರೆ ಮುಕ್ಕಾಲು ಪಾಲು. ಆಂಪಿಗೆ ಉಸಿರು ಕಟ್ಟಿತು, ಸದ್ದು ತಗ್ಗಿತು, ದನಿ ಉಳಿಯಿತು. ಮೊದಮೊದಲು ಸಂದರ್ಶನಗಳಲ್ಲಿ ವೋಲ್ಟೇಜ್ ಏರಿಸುತ್ತೇನೆ ಎಂದು ಉಲ್ಟಾ ಹೇಳುತ್ತಿದ್ದ, ಕಿಲಾಡಿ. ಅದನ್ನು ನಂಬಿ ಏರಿಸಿದವರ ಆಂಪಿನ ಗತಿ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ನಮ್ಮ ಲೆಕ್ಕಕ್ಕೆ ಹಾಕಿದರೆ 230ರ ಮುಕ್ಕಾಲು, ಸುಮಾರು 170. ಇದನ್ನು ಓದಿದಾಗ ನನಗೆ ತಿಪಟೂರು ನೆನಪಾಯಿತು. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಶುರುವಾದರೆ ನಮ್ಮ ಮನೆಯ ಟ್ಯೂಬ್‌ಲೈಟ್ ಹತ್ತುತ್ತಲೇ ಇರಲಿಲ್ಲ, ಮಿಣಮಿಣ ಅನ್ನುತ್ತಾ ಯೋಚನೆ ಮಾಡುತ್ತಿತ್ತು. ಅಪ್ಪ ಟೀವಿಗೆಂದು ಸ್ಟೆಬಿಲೈಸರ್ ತಂದಿದ್ದರು. ಅದು ರಾತ್ರಿಯೆಲ್ಲ ಟಕ್ ಟಕ್ ಅಂತ ವೋಲ್ಟೇಜನ್ನು ಎತ್ತಿ ಕಟ್ಟಲು ಒದ್ದಾಡುತ್ತಿತ್ತು. ಎಡ್ಡಿ ದುಡ್ಡು ಕೊಟ್ಟು ಯಂತ್ರ ತಂದು ಇಳಿಸಿದ್ದನ್ನು ನಾವು ದುಡ್ಡು ಕೊಟ್ಟು ಯಂತ್ರ ತಂದು ಏರಿಸುತ್ತಿದ್ದೆವು. ಬ್ರೌನ್ ಸೌಂಡಿಗೆ ಬೇಕಾದ ಕರೆಂಟು ಊರಿನ ಪ್ರತಿ ಮನೆಯ ಸಾಕೆಟ್ಟಿನಲ್ಲೂ ಇತ್ತು. ಮಾರ್ಷಲ್ ಆಂಪ್ ಮಾತ್ರ ಇರಲಿಲ್ಲ.

ಈಗ ಆಕ್ಸ್-ಎಫ್‌ಎಕ್ಸ್‌ನಲ್ಲಿ ‘ವೇರಿಯಾಕ್’ ಅಂತಲೇ ಒಂದು ನಾಬ್ ಇದೆ. ಹೀಲಿಕ್ಸಿನಲ್ಲಿ ಇನ್ನೂ ಮಜಾ. ‘ಸ್ಯಾಗ್’ ಅಂದರೆ ಜೋರಾಗಿ ಬಾರಿಸಿದಾಗ ಆಂಪಿನ ಪವರ್ ಸಪ್ಲೈ ಕುಸಿಯುವುದು. ಅದಕ್ಕೊಂದು ನಾಬ್. ‘ಹಮ್’ ಅಂದರೆ ಕರೆಂಟಿನ ಗುಂಯ್ ಸದ್ದು. ಅದಕ್ಕೂ ಒಂದು ನಾಬ್! ಅರ್ಥಿಂಗ್ ಸರಿಯಿಲ್ಲದ ಬಾಡಿಗೆ ಮನೆಗಳಲ್ಲಿ ಗಿಟಾರ್ ನುಡಿಸಿದವರಿಗೆ ಇದರ ತಮಾಷೆ ಚೆನ್ನಾಗಿ ಅರ್ಥವಾಗುತ್ತದೆ. ತಂತಿ ಮುಟ್ಟಿದರೆ ನಿಲ್ಲುವ, ಬಿಟ್ಟರೆ ಶುರುವಾಗುವ ಆ ಗುಂಯ್‌ಗುಡುವಿಕೆಯನ್ನು ಓಡಿಸಲು ಎಷ್ಟು ಎಲೆಕ್ಟ್ರಿಷಿಯನ್ನರ ಕಾಲು ಹಿಡಿದಿದ್ದೇವೆ! ಈಗ ಅದು ವಿಶೇಷ ಸೌಲಭ್ಯ. ಒಂದು ಸಮಾಧಾನ ಉಂಟು. ಅಮೆರಿಕದ ಕರೆಂಟು ಸೆಕೆಂಡಿಗೆ 60 ಸಲ ಕಂಪಿಸುತ್ತದೆ, ಬ್ರಿಟನ್ನಿನದು ನಮ್ಮ ಹಾಗೇ 50 ಸಲ. ಹಾಗಾಗಿ ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರನ ಗುಂಯ್ ನಮ್ಮ ಮನೆಯಲ್ಲಿ ಶ್ರುತಿಬದ್ಧವಾಗಿ ಸಿಗುತ್ತದೆ. ಎಡ್ಡಿಯದು ಬೇಕಾದರೆ ನಾಬ್ ತಿರುಗಿಸಬೇಕು.

ಇಷ್ಟು ನಿಷ್ಠೆಯಿಂದ ನಾವು ನಕಲು ಮಾಡುವ ಈ ದನಿಗಳು ಹುಟ್ಟಿದ್ದು ಹೇಗೆ ಅಂತ ನೋಡಿದರೆ ನಗು ಬರುತ್ತದೆ. ಅವರೂ ನಕಲು ಮಾಡಲು ಹೊರಟವರೇ. ಜಿಮ್ ಮಾರ್ಷಲ್ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡಿದ್ದ. ಗಿಟಾರ್ ಹುಡುಗರು ಬಂದು ಅಮೆರಿಕದ ಫೆಂಡರ್ ಆಂಪ್ ಬೇಕು ಅನ್ನುತ್ತಿದ್ದರು, ಅದೋ ವಿಪರೀತ ದುಬಾರಿ. ಸರಿ, 1962ರಲ್ಲಿ ಅಂಗಡಿಯ ಹುಡುಗರು ಫೆಂಡರ್ ಬ್ಯಾಸ್‌ಮನ್ ಆಂಪನ್ನು ನೋಡಿಕೊಂಡು ಹಾಗೇ ಒಂದು ಮಾಡಿದರು. ಆದರೆ ಅಲ್ಲಿಯ ಬಿಡಿಭಾಗಗಳು ಇಲ್ಲಿ ಸಿಗಬೇಕಲ್ಲ? ಸ್ಪೀಕರ್ ಬೇರೆ, ಟ್ರಾನ್ಸ್‌ಫಾರ್ಮರ್ ಬೇರೆ, ಮುಂದೆ ವಾಲ್ವೂ ಬೇರೆ. ಫೆಂಡರ್ ಮಾಡಲು ಹೋಗಿ ಮಾರ್ಷಲ್ ಆಯಿತು. ನಾವೀಗ ಆ ಕೆಟ್ಟ ನಕಲಿಗೆ ಒಳ್ಳೆಯ ನಕಲು ಹುಡುಕುತ್ತಿದ್ದೇವೆ.

ಕ್ವೀನ್ ತಂಡದ ಬ್ರಯನ್ ಮೇ ಕತೆಯೂ ಅಷ್ಟೇ. ಹುಡುಗನಾಗಿದ್ದಾಗ ಐರ್ಲೆಂಡಿನ ರೋರಿ ಗ್ಯಾಲಗರನ ಹಿಂದೆ ಬಿದ್ದಿದ್ದ. ಈ ದನಿ ಹೇಗೆ ತರುತ್ತೀಯ ಎಂದು ನೇರವಾಗಿ ಕೇಳಿಯೇಬಿಟ್ಟ. ವಾಕ್ಸ್ ಎಸಿ30 ಮತ್ತು ಒಂದು ಟ್ರೆಬಲ್ ಬೂಸ್ಟರ್ (ತಾರ ಸ್ವರಗಳನ್ನು ಎತ್ತಿಕೊಡುವ ಸಣ್ಣ ಡಬ್ಬಿ) ಅಂತ ರೋರಿ ಮುಚ್ಚುಮರೆ ಇಲ್ಲದೆ ಹೇಳಿದ. ಮೇ ಅದೇ ಆಂಪನ್ನು ಹುಡುಕಿ ತಂದು ತನ್ನ ಗಿಟಾರ್ ಸಿಕ್ಕಿಸಿದ. ರೋರಿಯ ದನಿ ಬರಲಿಲ್ಲ. ಯಾಕೆಂದರೆ ಮೇ ಕೈಯಲ್ಲಿದ್ದದ್ದು ಅವನೂ ಅವನಪ್ಪನೂ 1963ರಿಂದ ಸೇರಿ ಮನೆಯಲ್ಲೇ ಮಾಡಿದ ಗಿಟಾರು. ಫೆಂಡರ್ ಗಿಟಾರ್ ಕೊಳ್ಳಲು ದುಡ್ಡಿರಲಿಲ್ಲ. ಹಳೆಯ ಬೆಂಕಿಗೂಡಿನ ಮೇಲಿದ್ದ ಮರದ ಹಲಗೆಯಿಂದ ಅದರ ಕುತ್ತಿಗೆ, ಮೋಟಾರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗಿನಿಂದ ಸ್ವರ ಓಲಾಡಿಸುವ ಟ್ರೆಮಲೋ, ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳಿಂದ ಚುಕ್ಕೆಗಳು. ತಂತಿ ಮೀಟುವ ಪ್ಲೆಕ್ಟ್ರಮ್ ಬದಲು ಆರು ಪೆನ್ಸ್ ನಾಣ್ಯ. ಮಾಡೆಲರ್‌ನಲ್ಲಿ ಎಸಿ30 ಇದೆ, ಟ್ರೆಬಲ್ ಬೂಸ್ಟರ್ ಇದೆ, ನಾಣ್ಯಕ್ಕೆ ಮಾತ್ರ ನಾಬ್ ಇಲ್ಲ. ಆ ನಾಣ್ಯ 1980ರಲ್ಲೇ ಚಲಾವಣೆಯಿಂದ ಹೋಯಿತು. ನಮ್ಮ ಹಳೆಯ ನಾಲ್ಕಾಣೆ ಹೆಚ್ಚುಕಡಿಮೆ ಅದೇ ಗಾತ್ರ. ಅದೂ 2011ರಲ್ಲಿ ಹೋಯಿತು. ದೇವರ ಮನೆಯ ಡಬ್ಬಿಯಲ್ಲಿ ಉಳಿದಿದ್ದ ಪಾವಲಿಯೊಂದನ್ನು ಹೆಂಡತಿಗೆ ಹೇಳಿಯೇ ತೆಗೆದುಕೊಂಡೆ. ತಂತಿಗೆ ತಾಗಿಸಿದೊಡನೆ ಬರುವ ಆ ಕಿರ್ ಎಂಬ ಸಣ್ಣ ಕೆರೆತ ಇದೆಯಲ್ಲ, ಅದು ಯಾವ ಪ್ರೀಸೆಟ್ಟಿನಲ್ಲೂ ಇರಲಿಲ್ಲ. ಹೊರಗೆ ಒಂದು ರೂಪಾಯಿಯ ಚಾಕೊಲೇಟಿಗೂ ಬೆಲೆಯಿಲ್ಲದ ನಾಣ್ಯ ಮಾಡೆಲರ್‌ಗಿಂತ ಚೆನ್ನಾಗಿ ಕೆಲಸ ಮಾಡಿತು.

ಇನ್ನು ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್. ಬೆಂಗಳೂರಿನಲ್ಲಿ ಅವನಿಗೆ ದೊಡ್ಡ ಬಳಗವೇ ಇದೆ. 2005ರಲ್ಲಿ ಅರಮನೆ ಮೈದಾನಕ್ಕೆ ಬಂದು ನುಡಿಸಿಹೋದ. ‘ಮನಿ ಫಾರ್ ನಥಿಂಗ್’ ಹಾಡಿನ ಗಿಟಾರ್ ಕೇಳದವರು ಕಡಿಮೆ. ಮೂಗಿನಲ್ಲಿ ಮಾತಾಡುವಂಥ ದನಿ. ಅಲ್ಲಿ ನಾಫ್ಲರ್ ಹೊರಟಿದ್ದು ಟೆಕ್ಸಸ್ಸಿನ ಜೀಜೀ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ದನಿ ಹಿಡಿಯಲು. ಕೆರಿಬಿಯನ್ ದ್ವೀಪ ಮಾಂಟ್‌ಸೆರಾಟ್‌ನ ಸ್ಟುಡಿಯೋ. ಮೈಕುಗಳನ್ನು ಇನ್ನೂ ಸರಿಯಾಗಿ ಇಟ್ಟಿರಲಿಲ್ಲ, ಒಂದು ನೆಲ ನೋಡುತ್ತಿತ್ತು, ಇನ್ನೊಂದು ಎತ್ತಲೋ. ಅಷ್ಟರಲ್ಲಿ ಆ ದನಿ ಬಂತು. ಎಂಜಿನಿಯರ್ ನೀಲ್ ಡಾರ್ಫ್ಸ್‌ಮನ್ ಏನನ್ನೂ ಮುಟ್ಟದೆ ಹಾಗೇ ಧ್ವನಿಮುದ್ರಿಸಿಕೊಂಡ. ಆಮೇಲೆ ಅದನ್ನು ಮತ್ತೆ ತರಲು ಅವರಿಗೇ ಸಾಧ್ಯವಾಗಲಿಲ್ಲ. 1989ರಲ್ಲಿ ಚಂಡಮಾರುತ ಬಡಿದು ಆ ಸ್ಟುಡಿಯೋ ಮುಚ್ಚಿತು. ಕೆಲವು ವರ್ಷದ ಮೇಲೆ ದ್ವೀಪದ ಜ್ವಾಲಾಮುಖಿಯೇ ಸಿಡಿಯಿತು. ಮೈಕು ನೋಡುತ್ತಿದ್ದ ನೆಲ ಈಗ ಹಾಳು ಬಿದ್ದ ಕಟ್ಟಡದೊಳಗಿದೆ.

ನನ್ನ ಪರದೆಯ ಮೇಲೆ ಮೈಕನ್ನು ಬೆರಳಲ್ಲಿ ಸರಿಸಬಹುದು. ಸ್ಪೀಕರಿನಿಂದ ಒಂದು ಇಂಚು, ಎರಡು ಇಂಚು, ನೇರ, ಓರೆ. ಮೈಕನ್ನು ಮರೆತು ಚಹಾ ಕುಡಿಯಲು ಹೋಗುವ ಆಯ್ಕೆ ಮಾತ್ರ ಇಲ್ಲ. ನನಗೆ ಈ ಯಂತ್ರದ ಮೇಲಿರುವ ದೂರು ಇದೊಂದೇ. ಮೇಗೆ ರೋರಿ ಸಿಗಲಿಲ್ಲ, ನಾಫ್ಲರ್‌ಗೆ ಗಿಬ್ಬನ್ಸ್ ಸಿಗಲಿಲ್ಲ, ಮಾರ್ಷಲ್‌ಗೆ ಫೆಂಡರ್ ಸಿಗಲಿಲ್ಲ. ಸಿಗದೇ ಹೋದದ್ದರಿಂದಲೇ ಅವರಿಗೆ ತಮ್ಮದೊಂದು ದನಿ ಬಂತು. ನಾನು ಕೇಳಿದ್ದನ್ನೆಲ್ಲ ಈ ಡಬ್ಬಿ ಕೊಟ್ಟುಬಿಡುತ್ತದೆ. ಇಷ್ಟು ಸಲೀಸಾಗಿ ಸಿಕ್ಕರೆ ದಾರಿ ತಪ್ಪುವುದು ಯಾವಾಗ?

ಎಲ್ಲವನ್ನೂ ಕೊಡುತ್ತದೆ ಅಂದೆ, ಒಂದು ಬಿಟ್ಟು. ಗಿಲ್ಮೋರನ ದನಿಗೆ ಹೈವಾಟ್ ಆಂಪ್, ಬಿಗ್ ಮಫ್ ಪೆಡಲ್, ಪ್ರತಿಧ್ವನಿಗೆ ಬಿನ್ಸನ್ ಎಕೋರೆಕ್, ಎಲ್ಲ ಸಿಗುತ್ತವೆ. ಅವನ ಜೋರು ಸಿಗುವುದಿಲ್ಲ. 1933ರಲ್ಲೇ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಲೆಕ್ಕ ಹಾಕಿ ತೋರಿಸಿದ್ದರು: ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಮಂದ್ರವೂ ತಾರವೂ ಕಡಿಮೆ ಕೇಳುತ್ತವೆ. ರಾತ್ರಿ ಮನೆಯವರಿಗೆ ಎಚ್ಚರವಾಗದಷ್ಟು ಮೆಲ್ಲಗೆ ಕೂಡಿಸಿದ ಟೋನಿನಲ್ಲಿ ಅದಕ್ಕೇ ಬೇಸ್ ಜಾಸ್ತಿ ಆಗಿರುತ್ತದೆ. ಅದನ್ನೇ ಗಣೇಶನ ಪೆಂಡಾಲಿನ ದೊಡ್ಡ ಸ್ಪೀಕರಿಗೆ ಹಾಕಿದರೆ ಬರೀ ಗುಡುಗು. ಅಕ್ಕನ ಮಗನ ಬ್ಯಾಂಡಿಗೆ ಸೌಂಡಿನವರು “ಅಣ್ಣಾ, ಮಳೆ ಬರೋ ಹಾಗಿದೆ” ಅಂದರಂತೆ.

ಟೋನ್ ಇರುವುದು ಬೆರಳಲ್ಲಿ ಎಂಬ ಮಾತು ಗಿಟಾರಿಗರ ಬಾಯಲ್ಲಿ ಸವೆದುಹೋಗಿದೆ. ಎಡ್ಡಿಯ ಆಂಪಿಗೇ ಗಿಟಾರ್ ಹಾಕಿ ನುಡಿಸಿದರೂ ತನ್ನ ದನಿಯೇ ಬಂತು ಎಂದು ಇನ್ನೊಬ್ಬ ಗಿಟಾರಿಗ ಟೆಡ್ ನ್ಯೂಜೆಂಟ್ ಹೇಳಿಕೊಂಡು ತಿರುಗಿದ್ದಾನೆ. ಇರಬಹುದು. ಹಾಗಂತ ಗಿಲ್ಮೋರನ ಕಪ್ಪು ಸ್ಟ್ರಾಟ್ ಗಿಟಾರ್ 2019ರ ಹರಾಜಿನಲ್ಲಿ ಸುಮಾರು 40 ಲಕ್ಷ ಡಾಲರಿಗೆ ಹೋಗುವುದೇನೂ ತಪ್ಪಲಿಲ್ಲ. ಬೆರಳುಗಳನ್ನು ಅವನು ಹರಾಜಿಗೆ ಇಟ್ಟಿರಲಿಲ್ಲ.

ಸದ್ಯಕ್ಕೆ ನಾನು ಹಿಂದೆ ಬಿದ್ದಿರುವುದು ಕಿಂಕ್ಸ್ ತಂಡದ ಡೇವ್ ಡೇವಿಸ್‌ನ ದನಿ. 1964, ಅವನಿಗೆ 17 ವರ್ಷ. ಎಲ್ಪಿಕೋ ಎಂಬ ಅಗ್ಗದ ಹಸಿರು ಆಂಪ್ ಇತ್ತು. ದನಿ ಸಪ್ಪೆ ಅನ್ನಿಸಿ ಬ್ಲೇಡ್ ತಗೊಂಡು ಸ್ಪೀಕರಿನ ಕಾಗದದ ಕೋನನ್ನೇ ಕೊಯ್ದುಬಿಟ್ಟ. ಹರಿದ ಸ್ಪೀಕರ್ ಗೊರಗೊರ ಅಂದಿತು. ‘ಯೂ ರಿಯಲಿ ಗಾಟ್ ಮಿ’ ಹಾಡಿನಲ್ಲಿರುವುದು ಆ ಗೊರಗೊರವೇ. 14 ವರ್ಷದ ಮೇಲೆ ಎಡ್ಡಿ ತನ್ನ ಮೊದಲ ಆಲ್ಬಮ್ಮಿನಲ್ಲಿ ಅದೇ ಹಾಡನ್ನು ನುಡಿಸಿದ, ವೋಲ್ಟೇಜ್ ಇಳಿಸಿದ ಆಂಪಿನಲ್ಲಿ.

ಇದನ್ನು ಲೆಕ್ಕದಲ್ಲಿ ಮಾಡಲು ಮನಸ್ಸಾಗಲಿಲ್ಲ. ಎಸ್.ಪಿ. ರೋಡಿಗೆ ಹೋದೆ. ಒಳಗಿನ ಗಲ್ಲಿಯಲ್ಲಿ ಸ್ಪೀಕರಿಗೆ ಹೊಸ ಕೋನ್ ಹಾಕಿಕೊಡುವ ವಯಸ್ಸಾದವರೊಬ್ಬರು ಕೂರುತ್ತಾರೆ. “ಕೋನ್ ಹರಿದಿರೋ ಸ್ಪೀಕರ್...” ಅನ್ನುತ್ತಿದ್ದ ಹಾಗೇ ಕೈ ಚಾಚಿದರು. “ತೋರ್ಸಿ ಸಾರ್, ಸಂಜೆಗೆ ಮಾಡಿಕೊಡ್ತೀನಿ.”

“ಮಾಡೋದು ಬೇಡ. ಹರಿದಿರೋದೇ ಬೇಕಿತ್ತು.”

ಕನ್ನಡಕ ಮೇಲೇರಿಸಿ ಒಂದು ಸಲ ನೋಡಿದರು. ಆಮೇಲೆ ಪಕ್ಕಾ ವ್ಯಾಪಾರಿಯ ಹಾಗೆ ಕೇಳಿದರು. “ಎಷ್ಟು ಹರಿದಿರ್ಬೇಕು?”

ಬ್ಲೇಡಲ್ಲಿ ಕೊಯ್ದ ಹಾಗಿರಬೇಕು ಅಂದೆ. ಅಂಥದ್ದು ಬೇಕಾದರೆ ಹೊಸದು ತಗೊಂಡು ನೀವೇ ಕೊಯ್ದುಕೊಳ್ಳಬೇಕು, ನನ್ನ ಕೈಯಲ್ಲಿ ಆ ಕೆಲಸ ಆಗಲ್ಲ ಅಂದರು. ಬೆಂಚಿನ ಕೆಳಗೆ ಬಗ್ಗಿ ಧೂಳು ಹಿಡಿದ ಎಂಟಿಂಚಿನದೊಂದು ಎಳೆದರು. “ಇದು ಇಲಿ ಕಡ್ದಿರೋದು. ನಡೆಯುತ್ತಾ?”

ಐವತ್ತು ರೂಪಾಯಿ ಕೊಟ್ಟು ತಂದಿದ್ದೇನೆ.