ವರ್ಡ್‌ನಲ್ಲಿ ಗಣಿತ ಟೈಪ್ ಮಾಡುವವರು ಈ ಒಂದು ಟ್ಯಾಬ್ ತೆರೆದು ನೋಡಿ

ಕನ್ನಡ ಮಾಧ್ಯಮದ ಗಣಿತ ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರುಗಳೇ, ಒಂದೊಂದು θಗೂ ಇನ್ಸರ್ಟ್ ಮೆನುವಿಗೆ ಹೋಗಿ ಮೌಸ್‌ನಲ್ಲಿ ಹುಡುಕುವುದನ್ನು ದಯವಿಟ್ಟು ಬಿಡಿ. ಆಲ್ಟ್ ಹಿಡಿದು = ಒತ್ತಿದರೆ ಸಮೀಕರಣದ ಚೌಕ ಬರುತ್ತದೆ. ಅದರೊಳಗೆ ಬ್ಯಾಕ್‌ಸ್ಲ್ಯಾಶ್ ಹಾಕಿ, ಇಂಗ್ಲಿಷ್ ಅಕ್ಷರಗಳಲ್ಲಿ ಥೀಟಾ ಎಂದು ಬರೆದು ಸ್ಪೇಸ್ ಕೊಟ್ಟರೆ θ ಸಿದ್ಧ.

ದಿನಾ ಬೇಕಾಗುವುದಕ್ಕೆ ಇನ್ನೂ ಚಿಕ್ಕ ಕೋಡ್ ನೀವೇ ಮಾಡಿಕೊಳ್ಳಬಹುದು. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್, ಅಲ್ಲಿ ಮ್ಯಾಥ್ ಆಟೋಕರೆಕ್ಟ್ ಟ್ಯಾಬ್. ರಿಪ್ಲೇಸ್ ಎಂಬಲ್ಲಿ ಕೋಡ್, ವಿತ್ ಎಂಬಲ್ಲಿ ಚಿಹ್ನೆ, ಆಮೇಲೆ ಆಡ್. ಚಿಹ್ನೆಯಷ್ಟೇ ಅಲ್ಲ, ವರ್ಗ ಸಮೀಕರಣದ ಇಡೀ ಸೂತ್ರವನ್ನೂ ಇಡಬಹುದು: ಸೂತ್ರವನ್ನು ಲೀನಿಯರ್ ರೂಪಕ್ಕೆ, ಅಂದರೆ ಒಂದೇ ಸಾಲಿನ ಬರಹಕ್ಕೆ ತಿರುಗಿಸಿ, ಕಾಪಿ ಮಾಡಿ, ವಿತ್‌ನಲ್ಲಿ ಅಂಟಿಸಿ. ಬಳಸುವಾಗ ಸೂತ್ರ ಒಂದೇ ಸಾಲಿನಲ್ಲಿ ನಿಂತರೆ ಇನ್ನೊಮ್ಮೆ ಸ್ಪೇಸ್ ಒತ್ತಿ.

ಕೋಡಿನ ಮೊದಲಿಗೆ ಬ್ಯಾಕ್‌ಸ್ಲ್ಯಾಶ್ ಇರಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬರೀ ಎರಡು ಅಕ್ಷರ ಇಟ್ಟರೆ, ಎರಡು ಚರಾಕ್ಷರಗಳ ಗುಣಲಬ್ಧ ಬರೆಯುವಾಗಲೂ ಅದು ಚಿಹ್ನೆಯಾಗಿಬಿಡುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎನ್ನುವುದೂ ನೆನಪಿರಲಿ: ಡೆಲ್ಟಾದ ಮೊದಲ ಅಕ್ಷರ ದೊಡ್ಡದಾದರೆ Δ, ಸಣ್ಣದಾದರೆ δ.

ಕೋಡ್ ಸರಿಯಿದ್ದೂ ಕೆಲಸ ಮಾಡದಿದ್ದರೆ ಮೊದಲು ಕೀಬೋರ್ಡ್ ಯಾವ ಭಾಷೆಯಲ್ಲಿದೆ ನೋಡಿ. ನಮ್ಮವರು ಎಡವುವುದೇ ಇಲ್ಲಿ. ಕನ್ನಡದಲ್ಲಿದ್ದರೆ ಬೀಳುವುದು ಕನ್ನಡ ಅಕ್ಷರ, ವರ್ಡ್‌ಗೆ ಕೋಡ್ ಗುರುತೇ ಸಿಗುವುದಿಲ್ಲ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬನ್ನಿ. ನುಡಿ ತಂತ್ರಾಂಶ ಬಳಸುವವರಿಗೆ ಸ್ಕ್ರೋಲ್ ಲಾಕ್ ಇದೆ.

ಅದೇ ಆಪ್ಷನ್ಸ್‌ನಲ್ಲಿ ಸಿಗುವ ಕಸ್ಟಮೈಸ್ ರಿಬ್ಬನ್‌ನ ತಳದಲ್ಲಿರುವ ಕೀಬೋರ್ಡ್ ಶಾರ್ಟ್‌ಕಟ್ಸ್‌ನಿಂದ ಕೀಲಿಜೋಡಿಗಳನ್ನೂ ಇಟ್ಟುಕೊಳ್ಳಬಹುದು. ಆದರೆ ಕಂಟ್ರೋಲ್, ಆಲ್ಟ್ ಎರಡನ್ನೂ ಸೇರಿಸಿದ ಜೋಡಿ ಬೇಡ. ವಿಂಡೋಸ್ ಅದನ್ನು ಬಲಗಡೆಯ ಆಲ್ಟ್ ಎಂದೇ ಎಣಿಸುತ್ತದೆ, ಕನ್ನಡ ಕೀಲಿಮಣೆಯ ಕೆಲವು ಅಕ್ಷರಗಳು ಅದೇ ಜಾಗದಲ್ಲಿವೆ. ಹೊಸ ಜೋಡಿ ಒತ್ತಿದಾಗ ಕೆಳಗೆ ‘ಕರೆಂಟ್ಲಿ ಅಸೈನ್ಡ್ ಟು’ ಎಂದು ಬರುವುದನ್ನು ಓದದೆ ಅಸೈನ್ ಒತ್ತಬೇಡಿ, ಹಳೆಯ ಕೆಲಸ ಕೈತಪ್ಪುತ್ತದೆ.

ಸೈನ್, ಕಾಸ್ ನೇರವಾಗಿ ಬಂದು ಕೊಸೆಕ್ ಮಾತ್ರ ಓರೆಯಾಗಿ ಬಂದರೆ ಅದೇ ಮ್ಯಾಥ್ ಆಟೋಕರೆಕ್ಟ್ ಟ್ಯಾಬಿನ ರೆಕಗ್ನೈಸ್ಡ್ ಫಂಕ್ಷನ್ಸ್ ಪಟ್ಟಿಗೆ ಸೇರಿಸಿ. ನೀವು ಮಾಡಿದ ಕೋಡುಗಳು ಕಡತದೊಂದಿಗೆ ಹೋಗುವುದಿಲ್ಲ, ಆ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಶಾಲೆಯ ಕಂಪ್ಯೂಟರಿನಲ್ಲಿ ಮತ್ತೆ ಸೇರಿಸಬೇಕಾಗುವುದರಿಂದ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ಕೋಡ್ ಇದ್ದರೆ ಧಾರಾಳ.